ರೆಪ್ಪೆಯ ಮಾತಿಗೂ ಮಾನ್ಯತೆ ಬೇಕು

ನವೆಂಬರ್ ತಿಂಗಳು ಬಂತೆಂದರೆ ನನ್ನಂಥ ನಿವೃತ್ತ ನೌಕರರಿಗೆ ಒಂದು ಕರ್ತವ್ಯ ನೆನಪಾಗುತ್ತದೆ. ನಾವಿನ್ನೂ ಬದುಕಿದ್ದೇವೆ ಎಂಬುದನ್ನು ಸರ್ಕಾರಕ್ಕೆ ತಿಳಿಸುವ ಕರ್ತವ್ಯ ಅದು. ಹಿಂದೆ ಬ್ಯಾಂಕಿಗೋ ಖಜಾನೆಗೋ ಖುದ್ದಾಗಿ ಹೋಗಿ ಸಹಿ ಹಾಕಬೇಕಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ‘ಜೀವನ ಪ್ರಮಾಣ’ ವ್ಯವಸ್ಥೆಗೆ ಮುಖಚಹರೆಯಿಂದ ಗುರುತಿಸುವ ವಿಧಾನವನ್ನು ಸೇರಿಸಿದ ಮೇಲೆ ಈ ಕೆಲಸ ಮನೆಯಲ್ಲೇ ಆಗುತ್ತದೆ. ಮೊಬೈಲನ್ನು ಮುಖದೆದುರು ಹಿಡಿದರೆ ಅದು ಕಣ್ಣು ಮಿಟುಕಿಸುವಂತೆ ಸೂಚಿಸುತ್ತದೆ. ಎದುರಿಗಿರುವುದು ಭಾವಚಿತ್ರವಲ್ಲ, ಜೀವಂತ ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು ಯಂತ್ರಕ್ಕೆ ಒಂದು ರೆಪ್ಪೆ ಬಡಿತ ಸಾಕು.

ಸರ್ಕಾರದ ಯಂತ್ರ ಇಷ್ಟು ಸುಲಭವಾಗಿ ಒಪ್ಪಿಕೊಂಡ ಈ ಸಾಕ್ಷ್ಯವನ್ನು ನಮ್ಮ ಆಸ್ಪತ್ರೆಗಳು, ಕಚೇರಿಗಳು ಮತ್ತು ಮನೆಗಳು ಇನ್ನೂ ಒಪ್ಪಿಕೊಂಡಿಲ್ಲ. ಕಣ್ಣು ಮಿಟುಕಿಸುವುದನ್ನು ಬಿಟ್ಟರೆ ದೇಹದಲ್ಲಿ ಬೇರಾವ ಚಲನೆಯೂ ಉಳಿಯದ ಒಂದು ಕಾಯಿಲೆಯಿದೆ. ವೈದ್ಯರು ಅದನ್ನು ‘ಲಾಕ್ಡ್-ಇನ್ ಸಿಂಡ್ರೋಮ್’ ಎನ್ನುತ್ತಾರೆ. ಮನುಷ್ಯ ತನ್ನ ಮೈಯೊಳಗೇ ಬೀಗ ಹಾಕಿಸಿಕೊಂಡ ಸ್ಥಿತಿ ಎಂದು ಅರ್ಥ ಮಾಡಿಕೊಳ್ಳಬಹುದು. ಅಮೆರಿಕದ ನರತಜ್ಞರಾದ ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ 1966ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಸೇರುವ ಮೊದಲು, ಹೆಬ್ಬೆರಳು ಗಾತ್ರದ ಒಂದು ಕಾಂಡವಿದೆ. ಕೈಕಾಲು ಆಡಿಸಲು, ಮಾತನಾಡಲು, ನುಂಗಲು ಮಿದುಳು ಕಳುಹಿಸುವ ಆಜ್ಞೆಗಳೆಲ್ಲ ಈ ಕಾಂಡದ ಮುಂಭಾಗದಿಂದ ಹಾದುಹೋಗುತ್ತವೆ. ಅದಕ್ಕೆ ರಕ್ತ ಪೂರೈಸುವ ಬ್ಯಾಸಿಲಾರ್ ಎಂಬ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಆ ಮಾರ್ಗವೇ ಕಡಿದುಹೋಗುತ್ತದೆ. ಎಚ್ಚರವನ್ನು ಕಾಯುವ ನರಜಾಲ ಕಾಂಡದ ಹಿಂಭಾಗದಲ್ಲಿರುವುದರಿಂದ ಅನೇಕ ವೇಳೆ ಅದು ಉಳಿದುಕೊಳ್ಳುತ್ತದೆ. ಕಣ್ಣನ್ನು ಮೇಲೆ ಕೆಳಗೆ ಹೊರಳಿಸುವ ಮತ್ತು ರೆಪ್ಪೆ ಎತ್ತುವ ಶಕ್ತಿಯೂ ಉಳಿಯುತ್ತದೆ, ಏಕೆಂದರೆ ಅದರ ಕೇಂದ್ರ ಇನ್ನೂ ಮೇಲಿದೆ. ರೋಗಿಗೆ ಕೇಳಿಸುತ್ತದೆ, ಅರ್ಥವಾಗುತ್ತದೆ, ಸಾಮಾನ್ಯವಾಗಿ ನೋವೂ ತಿಳಿಯುತ್ತದೆ. ಆದರೆ ಬೆರಳನ್ನೂ ನಾಲಿಗೆಯನ್ನೂ ಅಲುಗಿಸಲಾಗದು.

ಇದನ್ನು ಪ್ರಜ್ಞಾಹೀನ ಸ್ಥಿತಿಯೊಂದಿಗೆ ಬೆರೆಸಬಾರದು. ಹೊನ್ನಾವರ ತಾಲ್ಲೂಕಿನ ಹಳದೀಪುರದವರಾದ ಅರುಣಾ ಶಾನಭಾಗ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್‌ನಲ್ಲಿ ನಡೆದ ಹಲ್ಲೆಯ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಪ್ರಶ್ನೆಯನ್ನು ಪರಿಶೀಲಿಸಿದ್ದು ಅವರ ಪ್ರಕರಣದಲ್ಲಿಯೇ. ಆ ದೀರ್ಘ ಚರ್ಚೆಯಿಂದಾಗಿ, ಅಲುಗಾಡದೆ ಮಲಗಿರುವ ಮನುಷ್ಯ ಎಂದರೆ ಅರಿವಿಲ್ಲದ ಮನುಷ್ಯ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಅರುಣಾ ಅವರ ಸ್ಥಿತಿ ಬೇರೆ, ಲಾಕ್ಡ್-ಇನ್ ಸ್ಥಿತಿ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಎಂದು ತೋರಬಹುದು ಎಂಬುದೇ ಇಲ್ಲಿನ ಅಪಾಯ.

ಈ ಅಪಾಯ ಊಹೆಯದಲ್ಲ. ನ್ಯೂಯಾರ್ಕ್ ರಾಜ್ಯದ ಜೂಲಿಯಾ ಟವಲಾರೊ ಎಂಬ ತಾಯಿಗೆ 1966ರಲ್ಲಿ ಮಿದುಳಿನ ಆಘಾತವಾಯಿತು. ಅವರಿಗೆ ಅರಿವಿದೆ ಎಂಬುದು ಸುಮಾರು ಆರು ವರ್ಷ ಯಾರಿಗೂ ತಿಳಿಯಲಿಲ್ಲ. 1973ರಲ್ಲಿ ವಾಕ್ ಚಿಕಿತ್ಸಕಿಯೊಬ್ಬರು ಕಣ್ಣನ್ನು ಮೇಲೆತ್ತುವಂತೆ ಹೇಳಿದಾಗ ಅವರು ಎತ್ತಿದರು. ಮುಂದೆ ಅವರು ಕವಿತೆ ಬರೆದರು, ಆತ್ಮಕಥನ ಪ್ರಕಟಿಸಿದರು. ಫ್ರೆಂಚ್ ಪತ್ರಿಕಾ ಸಂಪಾದಕ ಜಾನ್-ಡೊಮಿನಿಕ್ ಬೋಬಿ 1995ರ ಡಿಸೆಂಬರ್ 8ರಂದು ಇದೇ ಸ್ಥಿತಿಗೆ ಬಿದ್ದರು. ಎಡಗಣ್ಣಿನ ರೆಪ್ಪೆಯೊಂದನ್ನೇ ಬಡಿಯುತ್ತ, ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದ ಅವರ ಪುಸ್ತಕ 1997ರ ಮಾರ್ಚ್‌ನಲ್ಲಿ ಹೊರಬಂತು. ಅದಾದ ಕೆಲವೇ ದಿನಗಳಲ್ಲಿ ಅವರು ನಿಧನರಾದರು. ಇಂಗ್ಲೆಂಡಿನ ಕೇಟ್ ಅಲಟ್ ಅವರಿಗೆ 2010ರ ಫೆಬ್ರುವರಿಯಲ್ಲಿ, 39ನೇ ವಯಸ್ಸಿನಲ್ಲಿ, ಕಾಂಡದ ಆಘಾತವಾಯಿತು. ರೆಪ್ಪೆ ಬಡಿತದಿಂದ ಶುರುಮಾಡಿ ಬೆರಳು, ಕುತ್ತಿಗೆ, ಮಾತು, ನಡಿಗೆಗಳನ್ನು ಒಂದೊಂದಾಗಿ ಮರಳಿ ಪಡೆದು ವರ್ಷ ತುಂಬುವುದರೊಳಗೆ ಅವರು ಮನೆ ಸೇರಿದರು.

ಎಲ್ಲರೂ ಕೇಟ್ ಅವರಂತೆ ಚೇತರಿಸಿಕೊಳ್ಳುವುದಿಲ್ಲ. ಪೂರ್ಣ ಚೇತರಿಕೆ ವಿರಳ. ಹಲವರು ಮೊದಲ ತಿಂಗಳುಗಳಲ್ಲಿಯೇ ಶ್ವಾಸಕೋಶದ ಸೋಂಕಿನಿಂದ ಸಾಯುತ್ತಾರೆ. ಆದರೆ ಆ ಅವಧಿ ದಾಟಿ ಸ್ಥಿರಗೊಂಡವರಲ್ಲಿ ಬಹುಪಾಲು ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತಾರೆ. ಬೇಗ ಮತ್ತು ಬಿಡದೆ ವ್ಯಾಯಾಮ ಚಿಕಿತ್ಸೆ ದೊರೆತವರಲ್ಲಿ ಸಾವು ಕಡಿಮೆ, ಮರಳುವ ಶಕ್ತಿ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. 2002ರಲ್ಲಿ ಪ್ರಕಟವಾದ 44 ರೋಗಿಗಳ ಸಮೀಕ್ಷೆಯೊಂದರ ಪ್ರಕಾರ, ರೋಗಿಗೆ ಅರಿವಿದೆ ಎಂದು ಗುರುತಿಸಲು ಸರಾಸರಿ ಎರಡೂವರೆ ತಿಂಗಳು ಹಿಡಿದಿತ್ತು. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಅದನ್ನು ಮೊದಲು ಕಂಡುಕೊಂಡವರು ವೈದ್ಯರಲ್ಲ, ದಾದಿಯರಲ್ಲ, ಮನೆಯವರು. ಇವು ಮುಂದುವರಿದ ದೇಶಗಳ ಆಸ್ಪತ್ರೆಗಳ ಅಂಕಿಗಳು ಎಂಬುದನ್ನು ಗಮನಿಸಬೇಕು.

ಈಗ ಈ ಕಾಯಿಲೆಯನ್ನು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿಟ್ಟು ನೋಡೋಣ. ನಾನು ಆ ಭಾಗದಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಮೂರು ತಾಲ್ಲೂಕುಗಳಿದ್ದವು. ಅನಂತರ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು ಈಗ ಐದಾಗಿವೆ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಕಪ್ಪು ಮಣ್ಣು, ಕಬ್ಬು, ಸಕ್ಕರೆ ಕಾರ್ಖಾನೆಗಳು, ನಿಪ್ಪಾಣಿಯ ತಂಬಾಕು ಮತ್ತು ಬೀಡಿ, ಅಥಣಿಯ ಚರ್ಮದ ಚಪ್ಪಲಿ ಈ ನೆಲದ ಗುರುತು. ಇದು ಬಡ ಪ್ರದೇಶವಲ್ಲ. ಆದರೆ ಚಿಕ್ಕೋಡಿಯಿಂದ ಬೆಳಗಾವಿ ಸುಮಾರು 75 ಕಿ.ಮೀ., ಅಥಣಿಯಿಂದ ಸುಮಾರು 140 ಕಿ.ಮೀ. ಆದ್ದರಿಂದ ಜನ ತಮ್ಮ ಕಾಲಿಗೆ ಹತ್ತಿರವಾದ ದಾರಿ ಹಿಡಿಯುತ್ತಾರೆ. ನಿಪ್ಪಾಣಿಯವರು 40 ಕಿ.ಮೀ. ದೂರದ ಕೊಲ್ಹಾಪುರಕ್ಕೆ ಹೋದರೆ, ಕಾಗವಾಡದವರು 20 ಕಿ.ಮೀ. ಆಚೆಯ ಮಿರಜಿಗೆ ಹೋಗುತ್ತಾರೆ. ವಿಲಿಯಂ ವಾನ್‌ಲೆಸ್ 1890ರ ದಶಕದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ್ ಈ ಸೀಮೆಗೆ ಆಸ್ಪತ್ರೆಗಳ ಊರು. ಮಳೆಗಾಲದಲ್ಲಿ ಈ ದಾರಿಗಳಿಗೂ ಭರವಸೆಯಿಲ್ಲ. 2019 ಮತ್ತು 2021ರ ಪ್ರವಾಹಗಳಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ನೀರಿನಡಿ ಸೇರಿತ್ತು.

ಈ ಭಾಗದಲ್ಲಿ ಮಿದುಳಿನ ಆಘಾತಕ್ಕೆ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಲಕ್ವ ಎಂದರೆ ಒಂದು ಕೈ, ಒಂದು ಕಾಲು ಸೋತು ಬಾಯಿ ಸೊಟ್ಟಗಾಗುವುದು ಎಂದೇ ಜನರ ತಿಳಿವಳಿಕೆ. ಕಾಂಡದ ಆಘಾತ ಹಾಗೆ ಬರಬೇಕೆಂದಿಲ್ಲ. ತಲೆಸುತ್ತು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ನಾಲಿಗೆ ತೊದಲುವುದು, ನಡಿಗೆ ತಪ್ಪುವುದು, ಮಂಪರು ಇವು ಅದರ ಮೊದಲ ಲಕ್ಷಣಗಳು. ಪಿತ್ತ ಕೆರಳಿದೆ, ಬಿಸಿಲು ಬಡಿದಿದೆ, ಕುಡಿದಿದ್ದಾನೆ ಎಂದು ಸುತ್ತಲಿನವರು ತೀರ್ಮಾನಿಸುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಎಣ್ಣೆ ತಿಕ್ಕಿಸಲು, ಬೇರು ಕುಡಿಸಲು ಒಯ್ದರೆ ಇನ್ನೂ ಅರ್ಧ ದಿನ ಹೋಯಿತು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಮಿದುಳು ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳನ್ನು ಕಳೆದುಕೊಳ್ಳುತ್ತದೆ ಎಂಬ ಲೆಕ್ಕವಿದೆ.

ಸೇವೆಯಲ್ಲಿದ್ದ ವರ್ಷಗಳಲ್ಲಿ ಅಂಗವಿಕಲ ವೇತನದ ವಿಚಾರಣೆಗೋ ವಾರಸಾ ತಕರಾರಿನ ಸ್ಥಳ ಪರಿಶೀಲನೆಗೋ ನಾನು ಇಂಥ ರೋಗಿಗಳಿದ್ದ ಹಲವು ಮನೆಗಳಿಗೆ ಹೋಗಿದ್ದೇನೆ. ಪಡಸಾಲೆಯ ಮಂಚದ ಮೇಲೆ ಯಜಮಾನ ಮಲಗಿರುತ್ತಿದ್ದ. ಅವನ ತಲೆದೆಸೆಯಲ್ಲೇ ಕುಳಿತು ಅಣ್ಣತಮ್ಮಂದಿರು ಯಾವ ಸರ್ವೆ ನಂಬರು ಯಾರಿಗೆ ಎಂದು ಮಾತನಾಡುತ್ತಿದ್ದರು. ‘ಇನ್ನೇನು ಉಳದೈತ್ರಿ ಸಾಹೇಬ್ರ, ಉಸಿರೊಂದು ಐತಿ’ ಎಂದು ಅವನೆದುರೇ ಹೇಳುತ್ತಿದ್ದರು. ಹೆಂಡತಿ ಮಾತ್ರ ಆಗಾಗ ಬಂದು ಅವನ ಮುಖ ನೋಡಿ, ನೊಣ ಓಡಿಸಿ, ‘ಅವರಿಗೆಲ್ಲಾ ತಿಳೀತೈತಿ’ ಎನ್ನುತ್ತಿದ್ದಳು. ಆಕೆಯ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಂಥ ಎಲ್ಲ ರೋಗಿಗಳೂ ಲಾಕ್ಡ್-ಇನ್ ಆಗಿದ್ದರೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ರೋಗಿಗೆ ಅರಿವಿದೆ ಎಂದು ಮೊದಲು ಕಂಡುಕೊಳ್ಳುವವರು ಮನೆಯವರೇ ಎಂಬ ಸಮೀಕ್ಷೆಯ ಮಾತನ್ನು ಓದಿದಾಗ ನನಗೆ ನೆನಪಾದದ್ದು ಆ ಹೆಂಡತಿಯರು.

ಆದ್ದರಿಂದ ಚೇತರಿಕೆ ಎಂಬುದು ರೋಗಿಯ ಛಲದ ಕಥೆ ಮಾತ್ರವಲ್ಲ. ಅದಕ್ಕೆ ಮೂರು ಸಂಗತಿಗಳು ಬೇಕು. ಹೆಪ್ಪನ್ನು ಗಂಟೆಗಳೊಳಗೆ ಕರಗಿಸುವ ಅಥವಾ ತೆಗೆಯುವ ವ್ಯವಸ್ಥೆ ಒಂದು. ಕಣ್ಣನ್ನು ಪ್ರಶ್ನಿಸುವ ರೂಢಿ ಇನ್ನೊಂದು. ಕಣ್ಣು ಕೊಟ್ಟ ಉತ್ತರವನ್ನು ಮಾನ್ಯ ಮಾಡುವ ಆಡಳಿತ ಮತ್ತೊಂದು. ಈ ಮೂರೂ ನಮ್ಮ ಕೈಗೆಟುಕುವ ದೂರದಲ್ಲಿವೆ.

ಮೊದಲನೆಯದು ವ್ಯವಸ್ಥೆಯ ಮಾತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬ್ಯಾಸಿಲಾರ್ ನಾಳದ ಹೆಪ್ಪನ್ನು ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ ಹೊರತೆಗೆಯುವ ಚಿಕಿತ್ಸೆಯ ಬಗ್ಗೆ ಚೀನಾದಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. 12 ಗಂಟೆಯೊಳಗೆ ಈ ಚಿಕಿತ್ಸೆ ಪಡೆದವರಲ್ಲಿ ಶೇ 46ರಷ್ಟು ಮಂದಿ ಮೂರು ತಿಂಗಳ ನಂತರ ಪರರ ಆಸರೆಯಿಲ್ಲದೆ ನಡೆಯಬಲ್ಲ ಮಟ್ಟಕ್ಕೆ ಬಂದಿದ್ದರು. ಔಷಧವನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಶೇ 23 ಮಾತ್ರ. ಎರಡನೆಯ ಪರೀಕ್ಷೆಯಲ್ಲಿ, 6ರಿಂದ 24 ಗಂಟೆಯ ನಡುವೆ ಬಂದವರಿಗೂ ಪ್ರಯೋಜನ ಕಂಡಿತು. ಅಂದರೆ ಅಥಣಿಯಿಂದ ಹೊರಟ ರೋಗಿಗೂ ಕಾಲ ಮಿಂಚಿರಬೇಕಾಗಿಲ್ಲ. ಆದರೆ ಎಲ್ಲಿಗೆ ಹೋಗಬೇಕೆಂಬುದು ಹೊರಡುವ ಮೊದಲೇ ಗೊತ್ತಿರಬೇಕು. ಮೂರು ಆಸ್ಪತ್ರೆ ಅಲೆದು ನಾಲ್ಕನೆಯದನ್ನು ತಲುಪುವ ನಮ್ಮ ಪದ್ಧತಿಯಲ್ಲಿ ಹೋಗುವುದು ಹಣವಷ್ಟೇ ಅಲ್ಲ.

ಹೃದಯದ ವಿಷಯದಲ್ಲಿ ನಮ್ಮ ರಾಜ್ಯ ಈ ಪಾಠ ಕಲಿತಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಘೋಷಣೆಯಾದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ. ದೂರದ ತಜ್ಞರನ್ನು ತಲುಪುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ರೋಗಿಯನ್ನು ಮುಂದಕ್ಕೆ ಕಳುಹಿಸಲಾಗುತ್ತದೆ. ಇದೇ ಔಷಧ ಮಿದುಳಿನ ಹೆಪ್ಪಿಗೂ ಬಳಕೆಯಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮಾರ್ಚ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಮಿದುಳಿನಲ್ಲಿ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂಬುದನ್ನು ಸಿ.ಟಿ. ಸ್ಕ್ಯಾನ್ ಮಾಡದೆ ಹೇಳಲಾಗದು. ರಕ್ತಸ್ರಾವದವರಿಗೆ ಈ ಔಷಧ ಕೊಟ್ಟರೆ ಸಾವು. ಪ್ರಮಾಣವೂ ಬೇರೆ. ಹಾಗಾಗಿ ಮಿದುಳಿಗೆ ಇ.ಸಿ.ಜಿ.ಯ ಸ್ಥಾನದಲ್ಲಿ ಸಿ.ಟಿ. ಯಂತ್ರ ಬೇಕು, ಚಿತ್ರವನ್ನು ನೋಡಿ ಆಗಲೇ ಹೇಳುವ ನರತಜ್ಞರು ಫೋನಿನ ಆಚೆ ತುದಿಯಲ್ಲಿ ಬೇಕು. ಗುಡ್ಡಗಾಡಿನ ಹಿಮಾಚಲ ಪ್ರದೇಶ 2014ರಲ್ಲಿಯೇ ಇದನ್ನು ಮಾಡಿ ತೋರಿಸಿತು. ಸಿ.ಟಿ. ಇದ್ದು ನರತಜ್ಞರಿಲ್ಲದ ಆಸ್ಪತ್ರೆಗಳ ವೈದ್ಯರು ಮೊಬೈಲ್ ಮೂಲಕ ವೈದ್ಯಕೀಯ ಕಾಲೇಜುಗಳ ತಜ್ಞರ ಸಲಹೆ ಪಡೆದು ಚುಚ್ಚುಮದ್ದು ಕೊಡತೊಡಗಿದರು. ಔಷಧದ ವೆಚ್ಚವನ್ನು ಸರ್ಕಾರ ವಹಿಸಿಕೊಂಡಿತು.

ನಮ್ಮಲ್ಲಿಯೂ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವಿದೆ. ಬುನಾದಿ ಇದೆ, ಅದರ ಮೇಲೆ ಕಟ್ಟಬೇಕು. ಈ ಐದು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ಆಂಬುಲೆನ್ಸಿನ ನಕ್ಷೆ ರಾಜ್ಯದ ಗಡಿಯಲ್ಲಿ ನಿಲ್ಲಬಾರದು. ಕಾಗವಾಡದ ರೋಗಿಗೆ ಹತ್ತಿರವಾದದ್ದು ಮಿರಜ್ ಆದರೆ ಅಲ್ಲಿಗೇ ಒಯ್ಯಬೇಕು. ಯಾರು ಕರೆದೊಯ್ಯುತ್ತಾರೆ, ಬಿಲ್ಲು ಯಾರು ಕಟ್ಟುತ್ತಾರೆ ಎಂಬುದನ್ನು ಎರಡೂ ಸರ್ಕಾರಗಳು ಮೊದಲೇ ಕುಳಿತು ಬರೆದಿಟ್ಟುಕೊಳ್ಳಬೇಕು. ಗಡಿಯ ವಿವಾದ ನ್ಯಾಯಾಲಯದಲ್ಲಿರಲಿ, ಹೆಪ್ಪು ಅದಕ್ಕಾಗಿ ಕಾಯುವುದಿಲ್ಲ. ಇನ್ನು ತಡೆಗಟ್ಟುವಿಕೆಯ ಮಾತು. ಮಿದುಳಿನ ಆಘಾತದ ಕಾರಣಗಳಲ್ಲಿ ಅತಿ ದೊಡ್ಡದು ರಕ್ತದೊತ್ತಡ. ತಂಬಾಕು ಅದರ ಜೊತೆಗಾರ. ತಂಬಾಕಿನಿಂದಲೇ ಬದುಕು ಕಟ್ಟಿಕೊಂಡ ನಿಪ್ಪಾಣಿಯಲ್ಲಿ ಇದನ್ನು ಹೇಳುವುದು ಕಷ್ಟ, ಹೇಳದಿರುವುದು ಅನ್ಯಾಯ. 2010ರಲ್ಲಿ ಬಂದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ಜೊತೆಗೆ ಪಾರ್ಶ್ವವಾಯು ಕೂಡ ಇತ್ತು. 2023ರಲ್ಲಿ ಹೆಸರು ಬದಲಾಗಿ ಎಲ್ಲವೂ ‘ಅಸಾಂಕ್ರಾಮಿಕ ರೋಗಗಳು’ ಎಂಬ ಒಂದೇ ಪದದಲ್ಲಿ ಅಡಗಿದವು. ಹೆಸರು ಹೋದರೆ ಚಿಂತೆಯಿಲ್ಲ, ಗಮನ ಹೋಗಬಾರದು.

ಎರಡನೆಯದು ರೂಢಿಯ ಮಾತು. ಇದಕ್ಕೆ ಖರ್ಚೇ ಇಲ್ಲ. ಅಲುಗಾಡದ ರೋಗಿಯ ಬಳಿ ಬಂದ ವೈದ್ಯರು ‘ನನ್ನ ಕೈ ಹಿಡಿಯಿರಿ’ ಎನ್ನುವುದು ವಾಡಿಕೆ. ಲಾಕ್ಡ್-ಇನ್ ರೋಗಿ ಹಿಡಿಯಲಾರ. ಅವನನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಅಜ್ಜಾರ, ಕೇಳಸಾಕತ್ತೈತೇನ್ರಿ? ಕೇಳಸಿದ್ರ ಕಣ್ಣ ಮ್ಯಾಲೆ ಮಾಡ್ರಿ.’ ಒಮ್ಮೆಯಲ್ಲ, ದಿನಕ್ಕೆ ಹಲವು ಬಾರಿ, ಹಲವು ದಿನ ಕೇಳಬೇಕು. ಏಕೆಂದರೆ ಮೊದಲ ವಾರಗಳಲ್ಲಿ ಎಚ್ಚರ ಬಂದು ಹೋಗುತ್ತಿರುತ್ತದೆ. ತುರ್ತು ಚಿಕಿತ್ಸಾ ಘಟಕದ ದಾಖಲೆ ಹಾಳೆಯಲ್ಲಿ ಈ ಪ್ರಶ್ನೆಗೆ ಒಂದು ಸಾಲು ಮುದ್ರಿಸಿದರೆ ಸಾಕು, ಕೇಳುವುದು ಕರ್ತವ್ಯವಾಗುತ್ತದೆ. ಮನೆಯ ಹೆಣ್ಣುಮಗಳು ‘ಅವರಿಗೆ ತಿಳಿಯುತ್ತದೆ’ ಎಂದರೆ ಅದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು.

ಹೌದು-ಇಲ್ಲ ಎಂಬುದು ಬಂದ ಮೇಲೆ ಮಾತು ಬರಬೇಕು. ಬೋಬಿ ಅವರಿಗಾಗಿ ಫ್ರೆಂಚ್ ಅಕ್ಷರಗಳನ್ನು ಹೆಚ್ಚು ಬಳಕೆಯಾಗುವ ಕ್ರಮದಲ್ಲಿ ಜೋಡಿಸಿಕೊಂಡು ಒಂದೊಂದಾಗಿ ಓದಿ ಹೇಳುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಬಡಿಯುತ್ತಿದ್ದರು. ನಮ್ಮ ಕನ್ನಡಕ್ಕೆ ಇಂಥ ಹೊಸ ಜೋಡಣೆಯೇ ಬೇಕಿಲ್ಲ. ನಮ್ಮ ವರ್ಣಮಾಲೆಯೇ ಮಣೆಯಾಗಿ ನಿಂತಿದೆ. ಕ, ಚ, ಟ, ತ, ಪ ಎಂಬ ಐದು ಸಾಲು, ಪ್ರತಿ ಸಾಲಿನಲ್ಲಿ ಐದು ಅಕ್ಷರ. ಯ ರ ಲ ವ ಒಂದು ಸಾಲು, ಶ ಷ ಸ ಹ ಳ ಇನ್ನೊಂದು. ಮೊದಲು ಸಾಲು ಕೇಳಿ, ಆಮೇಲೆ ಸಾಲಿನೊಳಗಿನ ಅಕ್ಷರ ಕೇಳಿ, ಕೊನೆಗೆ ಸ್ವರ ಕೇಳಿದರೆ ಆಯಿತು. ‘ನೀರು’ ಎನ್ನಬೇಕಾದರೆ ನಾಲ್ಕನೆಯ ಸಾಲು, ಐದನೆಯ ಅಕ್ಷರ, ಈಕಾರ. ಆರನೆಯ ಸಾಲು, ಎರಡನೆಯ ಅಕ್ಷರ, ಉಕಾರ. ಆರು ಬಾರಿ ರೆಪ್ಪೆ ಬಡಿದರೆ ಬಾಯಾರಿದವನ ಮಾತು ಹೊರಬಂತು. ಒತ್ತಕ್ಷರದ ಗೊಡವೆ ಬೇಡ. ‘ಅಮ’ ಎಂದರೆ ಅಮ್ಮ ಎಂದು ಯಾರಿಗೂ ತಿಳಿಯುತ್ತದೆ. ಮಹಾಪ್ರಾಣಗಳನ್ನು ಬಿಟ್ಟರೆ ಮಣೆ ಇನ್ನೂ ಚಿಕ್ಕದಾಗುತ್ತದೆ. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಈ ಕ್ರಮ ಎರಡನೆಯ ತರಗತಿಗೆ ಶಾಲೆ ಬಿಟ್ಟವರಿಗೂ ಎಪ್ಪತ್ತರಲ್ಲಿ ನೆನಪಿರುತ್ತದೆ.

ಗಡಿ ತಾಲ್ಲೂಕುಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಮರಾಠಿಯ ವ್ಯಂಜನಗಳೂ ಇದೇ ಕ್ರಮದಲ್ಲಿವೆ. ನಿಪ್ಪಾಣಿಯ ಮರಾಠಿ ಮನೆಗೂ ರಾಯಬಾಗದ ಕನ್ನಡ ಮನೆಗೂ ಒಂದೇ ಮಣೆಯ ಎರಡು ಮಗ್ಗುಲು ಸಾಕು. ಓದು ಬಾರದವರಿಗೆ ಚಿತ್ರಗಳ ಮಣೆ ಬೇಕು. ಅದರಲ್ಲಿ ನೀರು, ನೋವು, ಸೆಕೆ, ಮಗ್ಗುಲು ಬದಲಿಸು, ಮಗನನ್ನು ಕರೆ ಎಂಬ ಹತ್ತಿಪ್ಪತ್ತು ಚಿತ್ರಗಳಿದ್ದರೆ ದಿನ ಸಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರು ಇಂಥ ಮಣೆಯನ್ನು ಪರೀಕ್ಷಿಸಿ ಸಿದ್ಧಪಡಿಸಿಕೊಟ್ಟರೆ, ಅದನ್ನು ಮುದ್ರಿಸಿ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಹಂಚಲು ಇಲಾಖೆಗೆ ಆಗುವ ವೆಚ್ಚ ಒಂದು ಸಮಾರಂಭದ ಶಾಮಿಯಾನಕ್ಕಿಂತ ಹೆಚ್ಚಾಗಲಾರದು.

ಮೂರನೆಯದು ಆಡಳಿತದ ಮಾತು. ನನ್ನ ವೃತ್ತಿಗೆ ಸೇರಿದ್ದು. ರೆಪ್ಪೆಯಿಂದ ಮಾತನಾಡುವ ಮನುಷ್ಯ ತನ್ನ ಪಿಂಚಣಿ ತೆಗೆಯಬಹುದೇ, ಹೊಲವನ್ನು ಮಗಳ ಹೆಸರಿಗೆ ಮಾಡಬಹುದೇ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬಹುದೇ? ಕಾನೂನು ನಾವು ತಿಳಿದಷ್ಟು ಕಠಿಣವಾಗಿಲ್ಲ. ಅಶಕ್ತ ಖಾತೆದಾರ ಹೆಬ್ಬೆಟ್ಟು ಒತ್ತಲಾರದಿದ್ದರೆ ಕಾಲ್ಬೆರಳಿನ ಗುರುತು ಸಾಕು, ಅದೂ ಆಗದಿದ್ದರೆ ಅವನ ದೇಹವನ್ನು ಸ್ಪರ್ಶಿಸಿದ ಸಾಧನದಿಂದ ಬೇರೊಬ್ಬರು ಹಾಕಿದ ಗುರುತೂ ಸಾಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಗಳು ಹೇಳುತ್ತವೆ. ನೋಂದಣಿ ಕಾಯ್ದೆಯ 38ನೇ ಕಲಮಿನಂತೆ ಅಶಕ್ತರ ಮನೆಗೆ ಉಪನೋಂದಣಾಧಿಕಾರಿಯೇ ಹೋಗಬಹುದು. ಕತ್ತು ಕೊಯ್ದಿದ್ದರಿಂದ ಮಾತು ಹೋಗಿದ್ದ ಯುವತಿಯೊಬ್ಬಳು ಕೈಸನ್ನೆಯಿಂದ ಕೊಟ್ಟ ಮರಣಕಾಲದ ಹೇಳಿಕೆಯನ್ನು ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ 1885ರಲ್ಲಿಯೇ ಸಾಕ್ಷ್ಯವೆಂದು ಒಪ್ಪಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬ ಪದದ ವ್ಯಾಖ್ಯೆಯಲ್ಲಿ ಸಂಜ್ಞೆಗಳನ್ನೂ ಪರ್ಯಾಯ ಸಂವಹನ ವಿಧಾನಗಳನ್ನೂ ಸೇರಿಸಿದೆ. ಆಸ್ತಿ ಮತ್ತು ಹಣಕಾಸಿನ ವಿಷಯದಲ್ಲಿ ಅಂಗವಿಕಲರಿಗೆ ಇತರರಷ್ಟೇ ಹಕ್ಕಿದೆ ಎಂದು 13ನೇ ಕಲಮಿನಲ್ಲಿ ಸ್ಪಷ್ಟಪಡಿಸಿದೆ.

ಹೀಗಿದ್ದೂ ತಹಶೀಲ್ದಾರ್ ಅಥವಾ ಬ್ಯಾಂಕ್ ವ್ಯವಸ್ಥಾಪಕರ ಮುಂದೆ ಇಂಥ ಪ್ರಕರಣ ಬಂದರೆ ಅವರು ಹಿಂಜರಿಯುತ್ತಾರೆ. ಅದಕ್ಕೆ ನಿರ್ದಯತೆ ಕಾರಣವಲ್ಲ, ಕಾರ್ಯವಿಧಾನ ಇಲ್ಲದಿರುವುದು ಕಾರಣ. ಸರ್ಕಾರಿ ನೌಕರ ಭಯಪಡುವುದು ತಪ್ಪು ಮಾಡಲು ಮಾತ್ರವಲ್ಲ, ಹಿಂದೆ ಯಾರೂ ಮಾಡದ್ದನ್ನು ಮಾಡಲು. ಆದ್ದರಿಂದ ಒಂದು ಸುತ್ತೋಲೆ ಬೇಕು. ರೋಗಿಯ ಅರಿವಿನ ಬಗ್ಗೆ ವೈದ್ಯರ ಪ್ರಮಾಣಪತ್ರ ಇರಲಿ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮೊದಲು ಕೇಳಿ ಅವನ ರೆಪ್ಪೆಯ ಭಾಷೆಯನ್ನು ಪರೀಕ್ಷಿಸಲಿ. ಮುಖ್ಯ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ, ಎರಡು ಬೇರೆ ದಿನ ಕೇಳಲಿ. ಲಾಭ ಪಡೆಯುವವರು ಕೋಣೆಯಿಂದ ಹೊರಗಿರಲಿ. ಇಬ್ಬರು ಸಾಕ್ಷಿಗಳ ಮುಂದೆ ವಿಡಿಯೊ ಚಿತ್ರೀಕರಣವಾಗಲಿ. ಕೊನೆಯ ಎರಡು ಷರತ್ತುಗಳಿಲ್ಲದೆ ಈ ಸೌಲಭ್ಯ ರೋಗಿಯನ್ನು ರಕ್ಷಿಸುವ ಬದಲು ದೋಚುವ ದಾರಿಯಾದೀತು ಎಂಬುದನ್ನೂ ನಾನು ಬಲ್ಲೆ.

ಇಷ್ಟು ವಿರಳವಾದ ಕಾಯಿಲೆಗೆ ಇಷ್ಟೊಂದು ವ್ಯವಸ್ಥೆ ಏಕೆ ಎಂದು ಕೇಳಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಶ್ನೆ ಅಸಂಗತವೆನಿಸುವುದಿಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಸಿ.ಟಿ. ಯಂತ್ರ, ಫೋನಿನ ತಜ್ಞರು, ಗಡಿ ದಾಟುವ ಆಂಬುಲೆನ್ಸು, ತಾಲ್ಲೂಕಿನ ವ್ಯಾಯಾಮ ಚಿಕಿತ್ಸಕರು ಇವೆಲ್ಲ ಲಕ್ವ ಹೊಡೆದ ಪ್ರತಿಯೊಬ್ಬರಿಗೂ ಬೇಕು. ಅಕ್ಷರದ ಮಣೆ ಮಾತು ಕಳೆದುಕೊಂಡ ಇನ್ನೂ ಎಷ್ಟೋ ರೋಗಿಗಳಿಗೆ ಬೇಕು. ಸುತ್ತೋಲೆ ಹಾಸಿಗೆ ಹಿಡಿದ ಎಲ್ಲ ವೃದ್ಧರಿಗೂ ಬೇಕು. ಅತ್ಯಂತ ಅಸಹಾಯಕನಾದವನಿಗೆ ಸಾಲುವಂತೆ ಕಟ್ಟಿದ ವ್ಯವಸ್ಥೆ ಉಳಿದೆಲ್ಲರಿಗೂ ಸಾಲುತ್ತದೆ. ಇದಕ್ಕೆ ವಿರುದ್ಧವಾದದ್ದು ನಿಜವಲ್ಲ. ಇನ್ನೊಂದು ಬದಿಯಲ್ಲಿ, ರೋಗಿಯ ಆರೈಕೆಗಾಗಿ ಕಬ್ಬಿನ ಗದ್ದೆಯ ಕೂಲಿಯನ್ನೋ ಬೀಡಿಯ ಮೊರವನ್ನೋ ಬಿಟ್ಟು ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳ ದುಡಿಮೆ ಯಾವ ಆಯವ್ಯಯದಲ್ಲಿಯೂ ನಮೂದಾಗುವುದಿಲ್ಲ. ನಮೂದಾಗಿದ್ದರೆ ಯಾವುದು ದುಬಾರಿ ಎಂಬ ಪ್ರಶ್ನೆಗೆ ಉತ್ತರ ಬೇರೆಯಾಗುತ್ತಿತ್ತು.

‘ಇಂಥ ಬದುಕೂ ಒಂದು ಬದುಕೇ’ ಎಂಬ ಇನ್ನೊಂದು ಮಾತಿದೆ. ಕರುಣೆಯಿಂದ ಹೇಳುವ ಮಾತು ಅದು. ಆದರೆ ಆರೋಗ್ಯವಂತರು ಹೇಳುವ ಮಾತು. ಫ್ರಾನ್ಸಿನ ಲಾಕ್ಡ್-ಇನ್ ರೋಗಿಗಳ ಸಂಘದ ಸದಸ್ಯರನ್ನೇ ಈ ಬಗ್ಗೆ ಕೇಳಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಜೀವನ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ 65 ಮಂದಿಯಲ್ಲಿ 47 ಮಂದಿ ತಾವು ಸುಖವಾಗಿದ್ದೇವೆ ಎಂದರು. 18 ಮಂದಿ ಇಲ್ಲವೆಂದರು. ಮಾತನಾಡಲು, ಹೊರಗೆ ಹೋಗಿಬರಲು ಅವಕಾಶವಿಲ್ಲದವರಲ್ಲಿ ದುಃಖ ಹೆಚ್ಚಿತ್ತು. ಎಲ್ಲ ಸದಸ್ಯರೂ ಉತ್ತರಿಸಿರಲಿಲ್ಲ, ಮತ್ತು ಆ ದೇಶದ ಸೌಲಭ್ಯಗಳೇ ಬೇರೆ ಎಂಬುದನ್ನು ಒಪ್ಪೋಣ. ಆದರೂ ಆ ಹದಿನೆಂಟು ಮಂದಿಯ ‘ಇಲ್ಲ’ಕ್ಕೂ ನಲವತ್ತೇಳು ಮಂದಿಯ ‘ಹೌದು’ವಿಗೂ ಬೆಲೆ ಬಂದಿದ್ದು ಯಾರೋ ಕುಳಿತು, ಕೇಳಿ, ಕಾದು, ಬರೆದುಕೊಂಡಿದ್ದರಿಂದ.

ಅಥಣಿಯ, ಕಾಗವಾಡದ, ರಾಯಬಾಗದ ಯಾವುದೋ ಪಡಸಾಲೆಯಲ್ಲಿ ಇಂದು ಹಾಗೆ ಮಲಗಿರುವವರನ್ನು ನಾವು ಇನ್ನೂ ಕೇಳಿಲ್ಲ. ಅವರ ಬದುಕು ಹೇಗಿರಬೇಕೆಂದು ತೀರ್ಮಾನಿಸುವ ಮೊದಲು ಅವರನ್ನು ಕೇಳುವುದು ಕನಿಷ್ಠ ಸೌಜನ್ಯ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಐದು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ ಕೊಟ್ಟು, ಲಕ್ವ ಹೊಡೆದು ಮಾತು ನಿಂತವರಿರುವ ಪ್ರತಿ ಮನೆಗೂ ಕಳುಹಿಸಿ, ಆ ಒಂದು ಪ್ರಶ್ನೆಯನ್ನು ಕೇಳಿಸಲಿ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ, ಬೆಂಗಳೂರಿನ ಮಂಜೂರಾತಿಗೆ ಕಾಯಬೇಕಾಗಿಯೂ ಇಲ್ಲ. ಎಷ್ಟು ಕಣ್ಣುಗಳು ಮೇಲೆ ನೋಡುತ್ತವೆ ಎಂಬುದು ತಿಳಿದ ಮೇಲೆ ಮುಂದಿನ ಯೋಜನೆಗೆ ಬೇಕಾದ ಮೊದಲ ಅಂಕಿ ನಮ್ಮ ಕೈಯಲ್ಲಿರುತ್ತದೆ.